ಹೊಗೆಸೊಪ್ಪಿನ ಪಾಪ ಯಾರ ಲೆಕ್ಕಕ್ಕೆ?

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ರಾಮನಾಥಪುರದ ಕಡೆ ತಂಬಾಕು ಹರಾಜು ಶುರುವಾಯಿತೆಂದರೆ ಪ್ರತಿಭಟನೆಯ ಸುದ್ದಿಯೂ ಹಿಂದೆಯೇ ಬರುತ್ತದೆ. ಬೆಲೆ ಬಿದ್ದಿದೆ, ಬೆಳೆಗಾರರು ಹರಾಜು ನಿಲ್ಲಿಸಿದ್ದಾರೆ, ಕಾರ್ಡ್ ಇಲ್ಲದವರ ಸೊಪ್ಪನ್ನೂ ಕೊಳ್ಳಬೇಕೆಂದು ರಸ್ತೆಗೆ ಕೂತಿದ್ದಾರೆ, ದಂಡ ಮನ್ನಾ ಮಾಡಿ ಅನ್ನುತ್ತಿದ್ದಾರೆ. ಈ ಸುದ್ದಿ ಓದಿದ ಪೇಟೆಯ ಸಜ್ಜನರು ಕೇಳುವ ಪ್ರಶ್ನೆ ಒಂದೇ: ‘ವಿಷ ಬೆಳೆಯುವವರಿಗೆ ಬೆಂಬಲ ಬೇರೆ ಕೇಡೇ?’

ಹೀಗೆ ಕೇಳುವವರಲ್ಲಿ ನನ್ನ ಗೆಳೆಯರೂ ಇದ್ದಾರೆ. ಸಿರಿಧಾನ್ಯ ತಿನ್ನುವವರು, ಕಾಡು ಉಳಿಯಲಿ ಅನ್ನುವವರು, ರೈತ ಚಳವಳಿಯ ಬಗ್ಗೆ ಪ್ರೀತಿಯಿಂದ ಮಾತಾಡುವವರು. ಕಬ್ಬಿನ ಬಾಕಿಗಾಗಿ ರೈತ ರಸ್ತೆಗಿಳಿದರೆ ಅವರ ಕಣ್ಣು ತೇವವಾಗುತ್ತದೆ. ಹೊಗೆಸೊಪ್ಪಿನ ರೈತ ಇಳಿದರೆ ಮುಖ ಸಿಂಡರಿಸುತ್ತದೆ. ಅವರ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ.

ಮೊದಲಿಗೇ ಹೇಳಿಬಿಡುತ್ತೇನೆ, ನಾನು ತಂಬಾಕಿನ ವಕೀಲನಲ್ಲ. ನಮ್ಮ ದೇಶದಲ್ಲಿ ತಂಬಾಕಿನಿಂದ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೇದದವರಿಗೂ ಇದರ ಕಾಟ ತಪ್ಪಿದ್ದಲ್ಲ. ಒದ್ದೆ ಸೊಪ್ಪು ಮುರಿಯುವ ಹೆಂಗಸರಿಗೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ಬ್ಯಾರನ್ನಿನಲ್ಲಿ ಒಂದು ಕೆ.ಜಿ. ಸೊಪ್ಪು ಹದವಾಗಲು ನಾಲ್ಕೈದು ಕೆ.ಜಿ. ಸೌದೆ ಉರಿಯಬೇಕು. ಈಚಿನ ವರ್ಷಗಳಲ್ಲಿ ಕರ್ನಾಟಕಕ್ಕೆ ಗೊತ್ತುಮಾಡುತ್ತಿರುವ ಬೆಳೆಯ ಮಿತಿ 10 ಕೋಟಿ ಕೆ.ಜಿ.ಯ ಆಸುಪಾಸಿನದು. ಲೆಕ್ಕ ಹಾಕಿ: ಒಂದು ಹಂಗಾಮಿಗೆ ನಾಲ್ಕು ಲಕ್ಷ ಟನ್ನಿಗೂ ಮೀರಿದ ಸೌದೆ, ಅದೂ ನಾಗರಹೊಳೆಯ ಮಗ್ಗುಲಲ್ಲಿ. ಈ ಬೆಳೆ ಒಂದು ದಿನ ನಿಲ್ಲಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ನನ್ನ ತಕರಾರು ಬೇರೆ. ನಿಲ್ಲಿಸುವ ಹೆಸರಿನಲ್ಲಿ ಈಗ ನಡೆಯುತ್ತಿರುವುದು ನಿಲ್ಲಿಸುವ ಕೆಲಸವಲ್ಲ. ಲಾಭ ಮೇಲಿನವರಿಗೆ, ಪಾಪ ಕೆಳಗಿನವನಿಗೆ ಎಂದು ಹಂಚುವ ಕೆಲಸ.

ಈ ಬೆಳೆಯನ್ನು ರೈತನಿಗೆ ಅಂಟಿಸಿದವರು ಯಾರೆಂದು ನೋಡಿ. 1975ರಲ್ಲಿ ಸಂಸತ್ತು ತಂಬಾಕು ಮಂಡಳಿ ಕಾಯ್ದೆ ಮಾಡಿತು. 1976ರ ಜನವರಿಯಲ್ಲಿ ಗುಂಟೂರಿನಲ್ಲಿ ಮಂಡಳಿ ಶುರುವಾಯಿತು. ಅದು ಇರುವುದು ಕೃಷಿ ಸಚಿವಾಲಯದ ಕೆಳಗಲ್ಲ, ಆರೋಗ್ಯ ಸಚಿವಾಲಯದ ಕೆಳಗಂತೂ ಅಲ್ಲವೇ ಅಲ್ಲ, ವಾಣಿಜ್ಯ ಸಚಿವಾಲಯದ ಕೆಳಗೆ. ಕಾಯ್ದೆಯ ಉದ್ದೇಶವೇ ತಂಬಾಕು ಉದ್ಯಮದ ಅಭಿವೃದ್ಧಿ. ತಳಿ ಸಂಶೋಧನೆಗೆ ರಾಜಮಂಡ್ರಿಯಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ, ಹುಣಸೂರಿನಲ್ಲಿ ಅದರ ಕೇಂದ್ರ. ಹಳೇ ಮೈಸೂರಿನ ಕೆಂಪು ಮಣ್ಣಿಗೆ ಒಗ್ಗುವ ತಳಿ ಕೊಟ್ಟವರು, ಟ್ರೇಯಲ್ಲಿ ಸಸಿ ಮಾಡುವುದನ್ನು ಕಲಿಸಿದವರು, ಗೊಬ್ಬರ ತರಿಸಿಕೊಟ್ಟವರು, ಬ್ಯಾಂಕಿನಲ್ಲಿ ಸಾಲ ಹುಟ್ಟುವಂತೆ ಮಾಡಿದವರು ಇವರೇ. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾಯಿತು. ಬೆಳೆಗಾರ ಬೇಲ್ ಕಟ್ಟಿ ತರುತ್ತಾನೆ, ದರ್ಜೆ ನಿಗದಿಯಾಗುತ್ತದೆ, ಖರೀದಿದಾರರು ಕೂಗುತ್ತಾರೆ, ದುಡ್ಡು ಬ್ಯಾಂಕಿಗೆ ಬರುತ್ತದೆ. ಈ ವ್ಯವಸ್ಥೆಗೆ ಸೇರಿದ ನೋಂದಾಯಿತ ಬೆಳೆಗಾರರು ಕರ್ನಾಟಕದಲ್ಲಿ ಸುಮಾರು 40 ಸಾವಿರ. ಇಷ್ಟನ್ನೂ ಕಟ್ಟಿದ ಸರ್ಕಾರವೇ ಇವತ್ತು ಬೆಳೆಗಾರನ ಕಡೆ ಬೆರಳು ತೋರಿಸಿ ‘ನೀನೇಕೆ ವಿಷ ಬೆಳೆಯುತ್ತೀಯ’ ಎಂದು ಕೇಳುತ್ತದೆ.

ಇನ್ನು ನಿರ್ಬಂಧದ ಮಾತು. ಯಾವ ರಾಜ್ಯದಲ್ಲಿ ಎಷ್ಟು ವರ್ಜೀನಿಯಾ ತಂಬಾಕು ಬೆಳೆಯಬೇಕೆಂದು ಮಂಡಳಿ ಪ್ರತಿ ವರ್ಷ ಗೊತ್ತುಮಾಡುತ್ತದೆ. ಅದನ್ನು ಬ್ಯಾರನ್ ಲೆಕ್ಕದಲ್ಲಿ ಕಾರ್ಡುದಾರರಿಗೆ ಹಂಚುತ್ತದೆ. ಹೆಚ್ಚು ಬೆಳೆದರೆ ದಂಡ, ಕಾರ್ಡ್ ಇಲ್ಲದೆ ಬೆಳೆದರೂ ದಂಡ. ಓದಿದವರು ಇದನ್ನು ಆರೋಗ್ಯದ ಕಾಳಜಿ ಎಂದುಕೊಂಡಿದ್ದಾರೆ. ಆದರೆ ಮಿತಿ ಗೊತ್ತುಮಾಡುವಾಗ ಮಂಡಳಿ ಕೇಳುವುದು ಆಸ್ಪತ್ರೆಯವರನ್ನಲ್ಲ. ಈ ವರ್ಷ ನಿಮಗೆಷ್ಟು ಸೊಪ್ಪು ಬೇಕು ಎಂದು ಸಿಗರೇಟು ಕಂಪನಿಗಳನ್ನೂ ರಫ್ತುದಾರರನ್ನೂ ಕೇಳುತ್ತದೆ. ಅವರ ಬೇಡಿಕೆ ಏರಿದರೆ ಮಿತಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಇದು ಆರೋಗ್ಯದ ಬೇಲಿಯಾಗಿದ್ದರೆ ಏರುವ ಮಾತೇ ಇರಬಾರದಿತ್ತು.

ಇನ್ನೊಂದು ಪುರಾವೆ ನೋಡಿ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕ ಭಾರತೀಯರಲ್ಲಿ ನೂರಕ್ಕೆ 28.6ರಷ್ಟು ಜನ ಯಾವುದೋ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಜಗಿಯುವ, ಉಜ್ಜುವ ತಂಬಾಕಿನವರು 21.4, ಬೀಡಿಯವರು 7.7, ಸಿಗರೇಟಿನವರು 4. ಅಂದರೆ ಕಾರ್ಡು, ಬ್ಯಾರನ್ ಲೈಸೆನ್ಸು, ದಂಡ ಎಲ್ಲವೂ ಇರುವುದು ಅತಿ ಕಡಿಮೆ ಜನ ಬಳಸುವ ಸಿಗರೇಟಿನ ತಂಬಾಕಿಗೆ. ಅದರಲ್ಲೂ ದೊಡ್ಡ ಪಾಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ದೇಶದ ಬಾಯಿಗೆ ನಿಜವಾಗಿ ಬೀಳುವ ತಂಬಾಕಿಗೆ ಇಂಥ ಕಾರ್ಡು ಲೈಸೆನ್ಸಿನ ಕಟ್ಟಿಲ್ಲ. ಯಾಕೆಂದರೆ ಈ ಕಟ್ಟನ್ನು ಹಾಕಿದ್ದು ಶ್ವಾಸಕೋಶ ಕಾಯಲಿಕ್ಕಲ್ಲ, ವ್ಯಾಪಾರ ಕಾಯಲಿಕ್ಕೆ.

‘ಅನಧಿಕೃತ ಬೆಳೆಗಾರ’ ಎಂಬ ಹೆಸರನ್ನು ಪತ್ರಿಕೆಗಳಲ್ಲಿ ಓದಿ ಅವನ್ಯಾರೋ ಕಳ್ಳಸಾಗಣೆಯವನು ಎಂದುಕೊಳ್ಳಬೇಡಿ. ಅಪ್ಪನ ಹೆಸರಲ್ಲಿ ಒಂದು ಕಾರ್ಡು, ಒಂದು ಬ್ಯಾರನ್ ಇರುತ್ತದೆ. ಮೂರು ಮಕ್ಕಳು ಪಾಲಾಗುತ್ತಾರೆ. ಹೊಲ ಮೂರು ಭಾಗವಾಗುತ್ತದೆ, ಕಾರ್ಡು ಮೂರು ಭಾಗವಾಗುವುದಿಲ್ಲ. ಹೊಸ ಲೈಸೆನ್ಸು ಸುಲಭಕ್ಕೆ ಸಿಗುವುದಿಲ್ಲ. ಒಬ್ಬ ಅಧಿಕೃತನಾಗಿ ಉಳಿದರೆ ಅದೇ ಹೊಲದ ಬದುವಿನಾಚೆ ಅದೇ ಸೊಪ್ಪು ಬೆಳೆಯುವ ತಮ್ಮಂದಿರು ಅನಧಿಕೃತರು. ಅವರ ಸೊಪ್ಪನ್ನು ಮಂಡಳಿ ಸುಟ್ಟುಹಾಕುವುದಿಲ್ಲ. ಹಂಗಾಮು ಅರ್ಧ ಕಳೆದ ಮೇಲೆ ದೆಹಲಿಯಿಂದ ಅಪ್ಪಣೆ ಬರುತ್ತದೆ, ಕೆಲವು ವರ್ಷ ದಂಡ ಹಿಡಿದು, ಕೆಲವು ವರ್ಷ ಮನ್ನಾ ಮಾಡಿ, ಅದೇ ಕಟ್ಟೆಯಲ್ಲಿ ಮಾರಿಸಲಾಗುತ್ತದೆ. ಸೊಪ್ಪು ಹೋಗುವುದು ಅದೇ ಕಂಪನಿಗಳಿಗೆ, ಸುತ್ತಿಕೊಳ್ಳುವುದು ಅದೇ ಸಿಗರೇಟಿಗೆ. ಹಾಗಾದರೆ ಈ ದಂಡದಿಂದ ಯಾರ ಆರೋಗ್ಯ ಸುಧಾರಿಸಿತು? ಪ್ರತಿ ವರ್ಷ ರೈತ ಸಂಸದರ ಮನೆಗೂ ಮಂತ್ರಿಯ ಕಚೇರಿಗೂ ಅರ್ಜಿ ಹಿಡಿದು ಅಲೆಯುತ್ತಾನೆ. ಮನ್ನಾ ಆದಾಗ ಊರಲ್ಲಿ ಫ್ಲೆಕ್ಸ್ ಏಳುತ್ತದೆ, ಕೃತಜ್ಞತೆ ಸಲ್ಲಿಕೆಯಾಗುತ್ತದೆ. ರೈತನನ್ನು ಸದಾ ಅಪರಾಧಿಯ ಜಾಗದಲ್ಲಿ ನಿಲ್ಲಿಸಿ, ಆಗಾಗ ಕ್ಷಮಿಸುವ ಈ ಆಟಕ್ಕೆ ನೀತಿ ಎಂಬ ಹೆಸರು.

ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆ ಈ ವಿಷಯದಲ್ಲಿ ಸರ್ಕಾರಕ್ಕೆ ಹೇಳಿಮಾಡಿಸಿದಂತಿದೆ. ಆರೋಗ್ಯ ಸಚಿವಾಲಯ 2003ರಲ್ಲಿ ತಂಬಾಕು ನಿಯಂತ್ರಣ ಕಾಯ್ದೆ ತಂದಿತು. 2004ರಲ್ಲಿ ಭಾರತ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿತು. ವಾಣಿಜ್ಯ ಸಚಿವಾಲಯ ರಫ್ತು ಹೆಚ್ಚಿತೆಂದು ಬೀಗುತ್ತದೆ. ಹಣಕಾಸು ಸಚಿವಾಲಯ ತೆರಿಗೆ ಎಣಿಸುತ್ತದೆ: 2022-23ರಲ್ಲಿ ತಂಬಾಕು ಉತ್ಪನ್ನಗಳಿಂದ ಬಂದ ತೆರಿಗೆ 70 ಸಾವಿರ ಕೋಟಿ ರೂಪಾಯಿಗಿಂತ ಹೆಚ್ಚು. ಇದೂ ಸಾಲದೆಂಬಂತೆ, ದೇಶದ ಅತಿ ದೊಡ್ಡ ಸಿಗರೇಟು ಕಂಪನಿ ಐಟಿಸಿಯಲ್ಲಿ ಎಲ್‌ಐಸಿಯ ಪಾಲೂ ಹಳೆಯ ಯೂನಿಟ್ ಟ್ರಸ್ಟಿನಿಂದ ಸರ್ಕಾರದ ಕೈಗೆ ಬಂದ ಪಾಲೂ ಸೇರಿದರೆ ಹೆಚ್ಚುಕಡಿಮೆ ಕಾಲು ಭಾಗ. ನಿಮ್ಮ ನನ್ನ ಜೀವ ವಿಮೆಯ ಕಂತು ಸಿಗರೇಟಿನ ಲಾಭದಲ್ಲಿ ಬೆಳೆಯುತ್ತಿದೆ. ಪಿರಿಯಾಪಟ್ಟಣದ ಎರಡೆಕರೆಯವನನ್ನು ವಿಷ ಬೆಳೆಯುವವನು ಎನ್ನುವ ಮುಂಚೆ ನಮ್ಮ ಪಾಲಿಸಿಯ ಬಾಂಡನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

‘ಅದೆಲ್ಲ ಸರಿ, ರೈತ ಬೇರೆ ಬೆಳೆಗೆ ಹೋಗಬಹುದಲ್ಲ?’ ಎಂಬುದು ಮುಂದಿನ ಪ್ರಶ್ನೆ. ಈ ಪ್ರಶ್ನೆಯ ಹಿಂದೆ ಒಂದು ಕಲ್ಪನೆಯಿದೆ: ತಂಬಾಕಿನವನಿಗೆ ಬೇರೆ ಬೇಸಾಯ ಗೊತ್ತಿಲ್ಲ, ದುರಾಸೆಯಿಂದ ಅಂಟಿಕೊಂಡಿದ್ದಾನೆ. ಅಲ್ಲ ಸ್ವಾಮಿ. ಮುಂಗಾರಿಗೆ ಮುಂಚಿನ ಮಳೆಗೆ ಹೊಗೆಸೊಪ್ಪು ನೆಟ್ಟು, ಅದನ್ನು ಮುರಿದಾದ ಮೇಲೆ ಅದೇ ಹೊಲಕ್ಕೆ ರಾಗಿಯನ್ನೋ ಹುರುಳಿಯನ್ನೋ ಹಾಕುವವನು ಅವನೇ. ರಾಗಿ ಬೆಳೆಯುವುದನ್ನು ಅವನಿಗೆ ಯಾರೂ ಕಲಿಸಬೇಕಿಲ್ಲ.

ನಮ್ಮ ಸಾಹಿತ್ಯದಲ್ಲಿ ರಾಗಿಗೆ ದೊಡ್ಡ ಗೌರವವಿದೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹತ್ತಿ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕಂಗೆಡುತ್ತದೆ, ರಾಗಿ ಗಟ್ಟಿಯಾಗಿ ನಿಲ್ಲುತ್ತದೆ, ರಾಮ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಕೆಳಗಿನವರ ಕಾಳಿಗೆ ಸಿಕ್ಕ ನ್ಯಾಯದ ಕಥೆಯಿದು, ತರಗತಿಗಳಲ್ಲಿ ಪಾಠ ಮಾಡುತ್ತೇವೆ. ಆದರೆ ರಾಮನ ಆಸ್ಥಾನದಲ್ಲಿ ಗೆದ್ದ ರಾಗಿ ನಮ್ಮ ಖರೀದಿ ಕೇಂದ್ರದ ಬಾಗಿಲಲ್ಲಿ ಸೋಲುತ್ತದೆ. ಬೆಂಬಲ ಬೆಲೆ ಘೋಷಣೆಯಾಗುತ್ತದೆ, 2024-25ಕ್ಕೆ ಕ್ವಿಂಟಾಲಿಗೆ 4,290 ರೂಪಾಯಿ. ಕೊಳ್ಳುವ ಹೊತ್ತಿಗೆ ಒಬ್ಬ ರೈತನಿಂದ ಇಷ್ಟೇ ಕ್ವಿಂಟಾಲ್ ಎಂಬ ಮಿತಿ, ನೋಂದಣಿಗೆ ಕೊನೆಯ ದಿನ, ಗುರಿ ಮುಟ್ಟಿತೆಂದು ಬಾಗಿಲು ಬಂದ್. 2021-22ರಲ್ಲಿ ಇದೇ ಖರೀದಿ ಮಿತಿಯ ವಿರುದ್ಧ ರಾಗಿ ಬೆಳೆಗಾರರು ಬೀದಿಗಿಳಿದದ್ದನ್ನು ಯಾರೂ ಮರೆತಿಲ್ಲ.

ಲೆಕ್ಕವನ್ನೂ ಮಾಡಿಬಿಡೋಣ. ಮಳೆಯಾಶ್ರಯದಲ್ಲಿ ಎಕರೆಗೆ ಐದಾರು ಕ್ವಿಂಟಾಲ್ ಹದ ಮಾಡಿದ ಹೊಗೆಸೊಪ್ಪು ಬರುತ್ತದೆ. ರಾಗಿ ಚೆನ್ನಾಗಿ ಬಂದರೆ ಏಳೆಂಟು ಕ್ವಿಂಟಾಲ್. ಸೊಪ್ಪಿನ ಸರಾಸರಿ ಬೆಲೆ ಈಚಿನ ವರ್ಷಗಳಲ್ಲಿ ಕೆ.ಜಿ.ಗೆ 200 ರೂಪಾಯಿ ದಾಟಿದ್ದಿದೆ. ರಾಗಿಗೆ 2024-25ರ ಬೆಂಬಲ ಬೆಲೆ ಪೂರ್ತಿ ಸಿಕ್ಕಿದ್ದರೂ ಕೆ.ಜಿ.ಗೆ 43 ರೂಪಾಯಿ. ಒಂದು ಕಡೆ ಎಕರೆಗೆ ಲಕ್ಷ, ಇನ್ನೊಂದು ಕಡೆ ಮೂವತ್ತು ಮೂವತ್ತೈದು ಸಾವಿರ. ಸೊಪ್ಪಿನ ಖರ್ಚು ದೊಡ್ಡದು, ನಿಜ. ಸೌದೆ, ಗೊಬ್ಬರ, ಆಳು, ಬ್ಯಾರನ್ ರಿಪೇರಿ ಎಂದು ಬಹುಪಾಲು ಅದಕ್ಕೇ ಹೋಗುತ್ತದೆ. ಬೆಲೆ ಬಿದ್ದ ವರ್ಷ ಸಾಲವೇ ಉಳಿಯುತ್ತದೆ. 2015ರಲ್ಲಿ ಬೆಲೆ ಕುಸಿದಾಗ ತಂಬಾಕು ಬೆಳೆಗಾರರು ಪ್ರಾಣ ಕಳೆದುಕೊಂಡ ಸುದ್ದಿಗಳು ಆಂಧ್ರದ ಪ್ರಕಾಶಂ ಜಿಲ್ಲೆಯಿಂದ ಒಂದರ ಹಿಂದೊಂದು ಬಂದವು. ಆದರೂ ರೈತ ಸೊಪ್ಪಿಗೇ ಮರಳುತ್ತಾನೆ. ಕಾರಣ ಲಾಭ ಮಾತ್ರವಲ್ಲ. ನಾಟಿಗೆ ಮುಂಚೆಯೇ ಸಾಲ ಹುಟ್ಟುವ, ಕೊಯ್ಲಾದ ಮೇಲೆ ಕೊಳ್ಳುವವನು ಬಂದೇ ಬರುವ, ತೂಕಕ್ಕೂ ದುಡ್ಡಿಗೂ ದಾಖಲೆ ಇರುವ ಬೆಳೆ ಆ ಸೀಮೆಯಲ್ಲಿ ಇದೊಂದೇ. ಅವನು ಅಂಟಿಕೊಂಡಿರುವುದು ಎಲೆಗಲ್ಲ, ಹರಾಜು ಕಟ್ಟೆಗೆ.

ನನ್ನ ವಾದ ಇಷ್ಟೇ. ಬೆಳೆಯನ್ನು ಬಿಡು ಎನ್ನುವ ಹಕ್ಕು ಇರುವುದು ಅಂಥದೇ ಕಟ್ಟೆಯನ್ನು ಬೇರೆ ಬೆಳೆಗೂ ಕಟ್ಟಿಕೊಟ್ಟವರಿಗೆ ಮಾತ್ರ. ಸರ್ಕಾರಕ್ಕೆ ಅದು ಗೊತ್ತಿಲ್ಲದ ವಿದ್ಯೆಯಲ್ಲ. ಹೊಗೆಸೊಪ್ಪಿಗೆ ನಾಲ್ಕು ದಶಕದಿಂದ ಮಾಡಿ ತೋರಿಸಿದೆ. ಭಾರತ ಸಹಿ ಹಾಕಿದ ಒಪ್ಪಂದದ 17ನೇ ವಿಧಿಯೂ ಹೇಳುವುದು ಇದನ್ನೇ: ಬೆಳೆಗಾರರಿಗೆ ಆರ್ಥಿಕವಾಗಿ ಬದುಕಿ ಉಳಿಯಬಲ್ಲ ಪರ್ಯಾಯ ಕೊಡಿ. 2015-16ರಿಂದ ತಂಬಾಕು ಬೆಳೆಯುವ ರಾಜ್ಯಗಳಿಗೂ ಬೆಳೆ ವೈವಿಧ್ಯ ಯೋಜನೆ ವಿಸ್ತರಿಸಲಾಯಿತು. ಸಸಿ, ಬೀಜ, ಪ್ರಾತ್ಯಕ್ಷಿಕೆ ಹಂಚಿದರೆ ಪರ್ಯಾಯವಾಗುವುದಿಲ್ಲ. ಬೆಳೆದದ್ದನ್ನು ಕೊಳ್ಳುವವರು ಬೇಕು.

ಅಡಿಕೆಯ ಜೊತೆ ಹೋಲಿಸಿದರೆ ಇನ್ನೊಂದು ಸತ್ಯ ಕಾಣುತ್ತದೆ. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ, ತಂಬಾಕನ್ನು ಇಟ್ಟ ಮೊದಲ ಗುಂಪಿನಲ್ಲೇ ಅದನ್ನೂ ಇಟ್ಟಿದೆ. ಆದರೆ 2023ರಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿ ಬೆಳೆಗಾರರನ್ನು ಕಾಯಿತು. ಅದು ತಪ್ಪೆಂದು ನಾನು ಹೇಳುತ್ತಿಲ್ಲ, ಮಲೆನಾಡಿನ ಸಣ್ಣ ತೋಟದವನೂ ಬದುಕಬೇಕು. ಎಲ್ಲ ಪಕ್ಷಗಳಲ್ಲೂ ದನಿಯಿರುವ ಬೆಳೆಗೆ ರಕ್ಷಣೆ, ದನಿಯಿಲ್ಲದ ಬೆಳೆಗೆ ದಂಡ. ವಿಷದ ಪ್ರಮಾಣ ಇಲ್ಲಿ ಅಳತೆಗೋಲಲ್ಲ.

ಕಂಪನಿಗಳನ್ನು ಬಿಟ್ಟು ಈ ಮಾತು ಮುಗಿಯದು. ಪ್ಯಾಕಿನ ಮೇಲೆ ಶೇ. 85ರಷ್ಟು ಜಾಗದಲ್ಲಿ ಎಚ್ಚರಿಕೆ ಚಿತ್ರ ಹಾಕಬೇಕೆಂಬ ನಿಯಮ 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ದೊಡ್ಡ ಸಿಗರೇಟು ಕಂಪನಿಗಳು ಕಾರ್ಖಾನೆ ಮುಚ್ಚಿ ಪ್ರತಿಭಟಿಸಿದವು. ನಿಯಮ ಸಡಿಲಿಸಿ ಎನ್ನಲು ಎಲ್ಲರೂ ಎತ್ತಿದ ಹೆಸರು ರೈತನದು. ಅದೇ ವರ್ಷ ನವೆಂಬರ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ತಂಬಾಕು ನಿಯಂತ್ರಣ ಒಪ್ಪಂದದ ದೇಶಗಳು ಸೇರಿದಾಗ ಬೆಳೆಗಾರರು ಹೊರಗೆ ನಿಂತು ಕೂಗಿದರು. ಒಳಗೆ ಅವರ ಬದುಕಿನ ಚರ್ಚೆ ಅವರಿಲ್ಲದೆ ನಡೆಯಿತು. ಬೀದಿಯಲ್ಲಿ ರೈತನ ಹೆಗಲ ಮೇಲೆ ಕೈಯಿಡುವ ಉದ್ಯಮ ಹರಾಜಿನ ಹೊತ್ತಿಗೆ ಎದುರಾಳಿ. ಅಲ್ಲಿ ಕೂಗುವವರು ಬೆರಳೆಣಿಕೆಯಷ್ಟು. ಯಾರೂ ಕೂಗದಿದ್ದರೆ ಬೇಲಿಗೆ ‘ನೋ ಬಿಡ್’ ಚೀಟಿ ಬೀಳುತ್ತದೆ, ರೈತ ಅದನ್ನು ಮತ್ತೆ ಗಾಡಿಗೇರಿಸಿ ಮನೆಗೆ ಒಯ್ಯಬೇಕು. ಸಿಗರೇಟಿನ ಬೆಲೆ ಏರಿದ ವರ್ಷವೆಲ್ಲ ಸೊಪ್ಪಿನ ಬೆಲೆ ಏರಿದೆಯೇ ಎಂದು ಆ ಕಟ್ಟೆಯಲ್ಲಿ ನಿಂತವರನ್ನು ಕೇಳಿ.

1981ರಲ್ಲಿ ನಿಪ್ಪಾಣಿಯ ಬೀಡಿ ತಂಬಾಕು ಬೆಳೆಗಾರರು ಶರದ್ ಜೋಶಿಯವರ ನೇತೃತ್ವದಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ತಡೆದು ಕೂತಿದ್ದರು. ಏಪ್ರಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು, ರೈತರು ಸತ್ತರು. ಅವರು ಕೇಳಿದ್ದು ವ್ಯಾಪಾರಿಯಿಂದ ನ್ಯಾಯದ ಬೆಲೆ. ತಂಬಾಕಿನ ರೈತನ ಮೂಲ ಜಗಳ ಅವತ್ತೂ ಇವತ್ತೂ ಕೊಳ್ಳುವವನ ಜೊತೆಗೆ. ಆ ಜಗಳವನ್ನು ಆರೋಗ್ಯದ ವಿರುದ್ಧದ ಜಗಳವೆಂಬಂತೆ ತಿರುಗಿಸಿದ್ದು ಉದ್ಯಮದ ಜಾಣತನ. ಅದನ್ನು ನಂಬಿದ್ದು ನಮ್ಮ ದಡ್ಡತನ.

ಹಾಗಾದರೆ ಏನು ಮಾಡಬೇಕು? ಬೇರೆಯವರು ಮಾಡಿದ್ದೊಂದು ಕಣ್ಣೆದುರಿಗಿದೆ. ಅಮೆರಿಕದಲ್ಲೂ ದಶಕಗಳ ಕಾಲ ತಂಬಾಕಿಗೆ ಕೋಟಾ ಇತ್ತು. 2004ರಲ್ಲಿ ಕಾಯ್ದೆ ಮಾಡಿ ಕೋಟಾ ತೆಗೆದರು. ಆದರೆ ಬರಿಗೈಲಿ ಕಳಿಸಲಿಲ್ಲ. ಕೋಟಾ ಇದ್ದವರಿಗೂ ಬೆಳೆಗಾರರಿಗೂ ಹತ್ತು ವರ್ಷ ಕಂತಿನಲ್ಲಿ ಪರಿಹಾರ ಕೊಟ್ಟರು, ಒಟ್ಟು ಮೊತ್ತ ಸಾವಿರ ಕೋಟಿ ಡಾಲರಿನ ಹತ್ತಿರ. ಆ ದುಡ್ಡು ಬಂದದ್ದು ತಂಬಾಕು ಕಂಪನಿಗಳ ಮೇಲೆ ಹಾಕಿದ ವಂತಿಗೆಯಿಂದ. ಅಲ್ಲಿ ತಂಬಾಕು ಬೆಳೆಯುವುದೇನೂ ನಿಂತುಹೋಗಲಿಲ್ಲ. ಆದರೆ ಸಣ್ಣವನಿಗೆ ಮರ್ಯಾದೆಯಿಂದ ಹೊರಗೆ ಹೋಗುವ ಬಾಗಿಲೊಂದು ತೆರೆಯಿತು, ಲೆಕ್ಕವಿಲ್ಲದಷ್ಟು ಮಂದಿ ಅದರ ಮೂಲಕ ಹೋದರು.

ನಮಗೆ ಬೇಕಾದದ್ದು ಅಂಥ ಬಾಗಿಲು. ಕಾರ್ಡು ಒಪ್ಪಿಸುವವನಿಗೆ ಬ್ಯಾರನ್ನಿನ ಬೆಲೆಯೂ ಕೆಲವು ವರ್ಷಗಳ ಆದಾಯದ ಪಾಲೂ ಸಿಗಲಿ. ದುಡ್ಡು ಎಲ್ಲಿಂದ ಎಂದು ಕೇಳಬೇಡಿ, 70 ಸಾವಿರ ಕೋಟಿಯ ಮಾತು ಮೇಲೆ ಬಂದಿದೆ. ಹರಾಜು ಕಟ್ಟೆಗಳಲ್ಲಿ ಸೊಪ್ಪಿನ ಹಂಗಾಮು ಮುಗಿದ ಮೇಲೆ ರಾಗಿ, ಹುರುಳಿ, ಅವರೆ, ಅಲಸಂದೆಗೂ ಅದೇ ತೂಕ, ಅದೇ ದರ್ಜೆ, ಅದೇ ಬ್ಯಾಂಕ್ ಪಾವತಿ ಇರಲಿ. ಯಾರೂ ಕೂಗದ ಕಾಳನ್ನು ಬೆಂಬಲ ಬೆಲೆಗೆ ಸರ್ಕಾರವೇ ಎತ್ತಿಕೊಳ್ಳಲಿ, ಶಾಲೆಯ ಬಿಸಿಯೂಟಕ್ಕೂ ಪಡಿತರಕ್ಕೂ ಅದು ಬೇಕೇ ಬೇಕು. ಇಷ್ಟು ವರ್ಷದಲ್ಲಿ ಇಷ್ಟು ಬ್ಯಾರನ್ ಕಡಿಮೆ ಎಂಬ ವೇಳಾಪಟ್ಟಿಯನ್ನು ಇವತ್ತೇ ಸಾರಲಿ. ಅಲ್ಲಿಯವರೆಗೆ ಕಾರ್ಡ್ ಇಲ್ಲದವನ ಮೇಲಿನ ದಂಡ ನಿಲ್ಲಲಿ.

ರೈತ ಸಂಘಟನೆಗಳಿಗೂ ಒಂದು ಮಾತು, ಕಹಿಯಾದರೂ ಹೇಳಬೇಕು. ಪ್ರತಿ ವರ್ಷ ಬೆಳೆಯ ಮಿತಿ ಏರಿಸಿ ಎಂದು ಕೇಳುವುದು ಕಂಪನಿಯ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಸೊಪ್ಪು ಹೆಚ್ಚಾದರೆ ಬೆಲೆ ಇಳಿಸುವ ಕೀಲಿ ಅವರ ಕೈಗೆ ಹೋಗುತ್ತದೆ. ದಂಡ ಮನ್ನಾದ ಅರ್ಜಿಯ ಜೊತೆಗೆ ಹೊರಹೋಗುವ ದಾರಿಯ ಬೇಡಿಕೆಯೂ ಇರಲಿ. ಮುಂದಿನ ಪೀಳಿಗೆ ಬ್ಯಾರನ್ನಿನ ಬೆಂಕಿಯ ಮುಂದೆ ರಾತ್ರಿಯಿಡೀ ನಿದ್ದೆಗೆಟ್ಟು ಕೂರಲಿ ಎಂದು ಯಾವ ಬೆಳೆಗಾರನೂ ಬಯಸುವುದಿಲ್ಲ. ಆ ಮಾತನ್ನು ಕಂಪನಿಯ ಜೊತೆ ನಿಂತು ಹೇಳಲಾಗದು, ಆಚೆ ಬಂದು ಹೇಳಬೇಕು.

ಇನ್ನು ನಾವು, ಓದುವವರು ಬರೆಯುವವರು. ರಾಗಿಮುದ್ದೆಯ ಮೇಲೆ ಕವಿತೆ ಬರೆಯುವುದು ಸುಲಭ, ರಾಗಿಗೆ ಕೊಳ್ಳುವವನನ್ನು ಕೇಳುವುದು ಕಷ್ಟ. ನಮ್ಮ ನೈತಿಕ ಸಿಟ್ಟು ಕೆಳಗೆ ಹರಿಯುವುದನ್ನು ಬಿಟ್ಟು ಮೇಲೆ ಹತ್ತುವುದನ್ನು ಕಲಿಯಬೇಕು: ಮಂಡಳಿಯ ಮೇಲೆ, ತೆರಿಗೆಯ ಮೇಲೆ, ಷೇರಿನ ಮೇಲೆ, ನೆಲದ ಕಾನೂನು ಒಂದು ಹೇಳುತ್ತಿದ್ದರೂ ರಫ್ತಿನ ಪಟ್ಟಿ ಇನ್ನೊಂದು ಹೇಳುವ ಸರ್ಕಾರದ ಮೇಲೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರನ್ನು ಬಿಟ್ಟು, ಅಳುವ ಮಗುವನ್ನೇ ಗದರಿಸುತ್ತಿದ್ದೇವೆ.

ಹೊಗೆಸೊಪ್ಪಿನಲ್ಲಿ ಪಾಪವಿದೆ, ಒಪ್ಪುತ್ತೇನೆ. ಹಂಚಿಕೊಳ್ಳುವುದಾದರೆ ಲಾಭ ಹಂಚಿಕೊಂಡ ಪ್ರಮಾಣದಲ್ಲೇ ಹಂಚಿಕೊಳ್ಳೋಣ. ಆ ಲೆಕ್ಕದಲ್ಲಿ ರಸ್ತೆಗೆ ಕೂತವನ ಪಾಲಿಗೆ ಬರುವುದು ತೀರ ಸಣ್ಣದು, ಅದನ್ನು ಅವನು ತನ್ನ ಕೆಮ್ಮಿನಲ್ಲೂ ಸಾಲದಲ್ಲೂ ಆಗಲೇ ತೀರಿಸಿದ್ದಾನೆ.